ದೇವರಿಗೆ ನಮ್ಮ ಮನಸ್ಸು ಎಷ್ಟು ಗೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಓದುವವರ ಮಾತುಕತೆಯಲ್ಲಿ, ಪತ್ರಗಳಲ್ಲಿ ಈ ವಿಷಯದ ಬಗ್ಗೆ ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ. ಎಲ್ಲಿಂದ ಬೇಕಾದರೂ ಓದಬಹುದು.

## ಶುರುವಿನ ಪ್ರಶ್ನೆಗಳು

ನನ್ನ ಮನಸ್ಸಿನೊಳಗೆ ಇರೋದೆಲ್ಲಾ ದೇವರಿಗೆ ನಿಜವಾಗ್ಲೂ ಗೊತ್ತಾ? ಬೈಬಲ್‌ನಲ್ಲಿ ಎಲ್ಲಿದೆ ಅದು?

ಗೊತ್ತು, ಎಲ್ಲಾ ಗೊತ್ತು. ಎಲ್ಲೋ ಒಂದು ವಚನವನ್ನು ಹಿಡಿದು ಎಳೆದ ಮಾತಲ್ಲ ಇದು. ದೇವಾಲಯದ ಪ್ರತಿಷ್ಠೆಯ ದಿನ ಅರಸ ಸೊಲೊಮೋನ ಪ್ರಾರ್ಥನೆ ಮಾಡುತ್ತಾ, ಎಲ್ಲಾ ಮನುಷ್ಯರ ಹೃದಯ ಬಲ್ಲವನು ನೀನೊಬ್ಬನೇ ಎನ್ನುತ್ತಾನೆ (1 ಅರಸುಗಳು 8:39). ಮಾತು ನಾಲಿಗೆಗೆ ಬರುವ ಮೊದಲೇ ನಿನಗೆ ಗೊತ್ತು ಎಂದು 139ನೇ ಕೀರ್ತನೆ ಹೇಳುತ್ತದೆ. ಸತ್ತವರ ಲೋಕವೇ ಯೆಹೋವನ ಕಣ್ಣಿಗೆ ಬಯಲಾಗಿರುವಾಗ ಮನುಷ್ಯರ ಹೃದಯ ಯಾವ ಲೆಕ್ಕ ಎಂದು ಜ್ಞಾನೋಕ್ತಿ 15:11 ಕೇಳುತ್ತದೆ. ಹೊಸ ಒಡಂಬಡಿಕೆಯಲ್ಲೂ ಅದೇ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಒಬ್ಬನನ್ನು ಆರಿಸುವಾಗ ಶಿಷ್ಯರು ಎಲ್ಲರ ಹೃದಯ ಬಲ್ಲ ಕರ್ತನೇ ಎಂದು ಕರೆದು, ನೀನು ಆರಿಸಿದವನು ಯಾರು ತೋರಿಸು ಎಂದು ಬೇಡಿಕೊಂಡರು (ಅಪೊಸ್ತಲರ ಕೃತ್ಯಗಳು 1:24). ಇಬ್ರಿಯರಿಗೆ ಬರೆದ ಪತ್ರ 4:13ರ ಪ್ರಕಾರ ಆತನ ಮುಂದೆ ಮರೆಯಾಗಿರುವುದು ಯಾವುದೂ ಇಲ್ಲ.

ಹೃದಯ ಅಂದ್ರೆ ಇಲ್ಲಿ ಬರೀ ಭಾವನೆನಾ?

ಅಲ್ಲ. ಯೋಚನೆ, ಆಸೆ, ಹಟ, ತೀರ್ಮಾನ ಎಲ್ಲದರ ಮನೆ ಅದು. ನ್ಯಾಯ ತೀರಿಸಲು ಬೇಕಾದ ವಿವೇಕವನ್ನು ಹೃದಯಕ್ಕೇ ಕೊಡು ಎಂದು ಸೊಲೊಮೋನ ದೇವರನ್ನು ಕೇಳಿಕೊಂಡ (1 ಅರಸುಗಳು 3:9). ಕೊಲೆ, ಕಳ್ಳತನ, ಹೊಟ್ಟೆಕಿಚ್ಚು, ಸೊಕ್ಕು ಹೊರಡುವುದೂ ಅಲ್ಲಿಂದಲೇ ಎಂದು ಯೇಸು ಹೇಳಿದ (ಮಾರ್ಕ 7:21-22).

ಮನುಷ್ಯ ಹೊರಗಿನದನ್ನು ನೋಡ್ತಾನೆ, ದೇವರು ಹೃದಯ ನೋಡ್ತಾನೆ. ಅಂದ್ರೆ ಮನಸ್ಸು ಚೆನ್ನಾಗಿದ್ರೆ ಸಾಕು ಅಂತ ತಾನೇ?

ಈ ವಚನದಷ್ಟು (1 ಸಮುವೇಲ 16:7) ನಮ್ಮ ಅನುಕೂಲಕ್ಕೆ ತಿರುಚಿಕೊಂಡ ವಚನ ಇನ್ನೊಂದು ಇರಲಿಕ್ಕಿಲ್ಲ. ಅದು ಬಂದಿರುವ ಸನ್ನಿವೇಶವನ್ನು ನೋಡಿ. ಬೇತ್ಲೆಹೇಮಿನಲ್ಲಿ ಇಷಯನ ಮಕ್ಕಳು ಒಬ್ಬೊಬ್ಬರಾಗಿ ಸಮುವೇಲನ ಮುಂದೆ ಬರುತ್ತಾರೆ. ಮೊದಲನೆಯವನು ಎಲೀಯಾಬ. ಎತ್ತರದ ಆಳು. ಇವನೇ ಮುಂದಿನ ಅರಸ ಎಂದು ಸಮುವೇಲ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಡುತ್ತಾನೆ. ಹಿಂದೆ ಎಲ್ಲರಿಗಿಂತ ಎತ್ತರವಾಗಿದ್ದ ಸೌಲನನ್ನು ಅರಸನಾಗಿ ಅಭಿಷೇಕಿಸಿದ್ದೂ ಸಮುವೇಲನೇ. ಕೊನೆಗೆ ದೇವರು ಸೌಲನನ್ನು ಕೈಬಿಟ್ಟ ಅನ್ನೋದೂ ಇವನಿಗೆ ಗೊತ್ತು. ಆದರೂ ಎಡವಿದ. ಏಳು ಮಂದಿ ಹಾದುಹೋದ ಮೇಲೆ, ನಿನ್ನ ಮಕ್ಕಳು ಇಷ್ಟೇನಾ ಎಂದು ಕೇಳಬೇಕಾಯಿತು. ಕಿರಿಯವನಾದ ದಾವೀದ ಕುರಿ ಕಾಯುತ್ತಿದ್ದ. ಅವನನ್ನು ಕರೆಸಬೇಕು ಅಂತ ಹೆತ್ತ ತಂದೆಗೇ ಅನ್ನಿಸಿರಲಿಲ್ಲ.

ಅಂದರೆ ಇಲ್ಲಿ ಬುದ್ಧಿಮಾತು ಹೇಳಿಸಿಕೊಂಡವನು ದಾರಿಹೋಕ ಅಲ್ಲ, ಇಸ್ರಾಯೇಲಿನ ದೊಡ್ಡ ಪ್ರವಾದಿ. ಅವನ ಕಣ್ಣೇ ಸಾಲದು ಅನ್ನುವುದು ಮಾತಿನ ತಿರುಳು. ನಮ್ಮ ಮನಸ್ಸು ಚೆನ್ನಾಗಿದೆ ಎಂದು ನಾವೇ ಬರೆದುಕೊಳ್ಳುವ ಸರ್ಟಿಫಿಕೇಟು ಅಲ್ಲಿಲ್ಲ. ದಾವೀದನ ಹೃದಯ ಕಂಡ ದೇವರೇ ಮುಂದೆ ಅವನು ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿ ಊರೀಯನನ್ನು ಕೊಲ್ಲಿಸಿದಾಗ, ಗದರಿಸಲು ಪ್ರವಾದಿ ನಾತಾನನನ್ನು ಕಳಿಸಿದ. ಅಂದ ಹಾಗೆ, ಐದೇ ವಚನ ಮುಂದೆ ಹೋದರೆ ದಾವೀದ ನೋಡಲು ಚೆಲುವನಾಗಿದ್ದ ಅಂತಲೂ ಬರೆದಿದೆ. ಕಥೆ ಬರೆದವನ ತುಂಟತನ ನನಗೆ ಇಷ್ಟ.

ದೇವರು ಮೇಲೆ ಕೂತಿರೋ ಸಿಸಿಟಿವಿ ಥರಾನಾ? ಯೋಚಿಸಿದ್ರೆ ಭಯ ಆಗುತ್ತೆ.

ಆ ಭಯ ಬೈಬಲ್‌ನೊಳಗೇ ಇದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬ ದೇವರ ಮುಂದೆಯೇ ಅದನ್ನು ಹೇಳಿಬಿಡುತ್ತಾನೆ. ಮನುಷ್ಯ ಎಷ್ಟರವನು ಅಂತ ದಿನಾ ಬೆಳಗ್ಗೆ ಬಂದು ವಿಚಾರಿಸುತ್ತೀ, ಕ್ಷಣಕ್ಷಣವೂ ಪರೀಕ್ಷಿಸುತ್ತೀ, ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದೇ ಎನ್ನುತ್ತಾನೆ (ಯೋಬ 7:17-19). ಇಂಥ ಮಾತಾಡಿದವನನ್ನು ದೇವರು ಕೊನೆಯಲ್ಲಿ ತಳ್ಳಿಬಿಡಲಿಲ್ಲ. ಸರಿಯಾದ ಮಾತಾಡಲಿಲ್ಲ ಎಂದು ಬೈಸಿಕೊಂಡವರು ದೇವರ ಪರ ವಕಾಲತ್ತು ವಹಿಸಿದ ಅವನ ಗೆಳೆಯರು.

ಇನ್ನೊಂದು ಕಡೆ ಹಾಗರಳು ಇದ್ದಾಳೆ. ಯಜಮಾನಿಯ ಕಾಟ ತಡೆಯಲಾಗದೆ ಓಡಿಹೋದ ಬಸುರಿ ದಾಸಿ. ಅಬ್ರಾಮನಾಗಲಿ ಸಾರಯಳಾಗಲಿ ಅವಳನ್ನು ಹೆಸರಿಟ್ಟು ಕರೆದದ್ದು ಆ ಕಥೆಯಲ್ಲಿ ಕಾಣುವುದಿಲ್ಲ. ಅಡವಿಯ ಒರತೆಯ ಹತ್ತಿರ ದೇವದೂತ ಹೆಸರು ಹಿಡಿದು ಕರೆಯುತ್ತಾನೆ. ಅವಳು ದೇವರಿಗೆ, ನನ್ನನ್ನು ನೋಡುವವನು ಎಂದು ಹೆಸರಿಡುತ್ತಾಳೆ (ಆದಿಕಾಂಡ 16). ನೋಟ ಅದೇ. ನೋಡುವವನು ಯಾರು, ನೋಡಿಸಿಕೊಳ್ಳುವವರು ಯಾವ ಸ್ಥಿತಿಯಲ್ಲಿದ್ದಾರೆ ಅನ್ನುವುದರ ಮೇಲೆ ಭಯವೋ ನೆಮ್ಮದಿಯೋ ನಿಂತಿದೆ. ಕ್ಯಾಮೆರಾಗೆ ಯಾರ ಹೆಸರೂ ಬೇಕಾಗಿಲ್ಲ.

## ಪ್ರಾರ್ಥನೆ, ಪಾಪ, ನೆರೆಯವರು

ಎಲ್ಲಾ ಗೊತ್ತಿದ್ದ ಮೇಲೆ ಪ್ರಾರ್ಥನೆ ಯಾಕೆ? ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಯೇಸು ಇದನ್ನು ತದ್ವಿರುದ್ಧ ದಿಕ್ಕಿನಿಂದ ಹೇಳುತ್ತಾನೆ. ನೀವು ಕೇಳುವ ಮೊದಲೇ ನಿಮಗೇನು ಬೇಕು ಅನ್ನುವುದು ತಂದೆಗೆ ಗೊತ್ತು (ಮತ್ತಾಯ 6:8). ಮುಂದಿನ ವಚನದಲ್ಲೇ, ಆದ್ದರಿಂದ ಹೀಗೆ ಪ್ರಾರ್ಥಿಸಿರಿ ಎಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಕಲಿಸುತ್ತಾನೆ. ಗೊತ್ತಿರುವುದು ಪ್ರಾರ್ಥನೆಗೆ ಅಡ್ಡಿ ಆಗಲಿಲ್ಲ, ಕಾರಣ ಆಯಿತು. ಸುದ್ದಿ ಮುಟ್ಟಿಸುವ ಕೆಲಸ ತಪ್ಪಿದ್ದರಿಂದ ಮಾತು ಉದ್ದ ಮಾಡುವ ಅಗತ್ಯವೂ ತಪ್ಪಿತು. ಆ ಪ್ರಾರ್ಥನೆ ಎಷ್ಟು ಚಿಕ್ಕದು ನೋಡಿ.

ಬಾಯಿಂದ ಮಾತೇ ಬರಲ್ಲ, ಬರೀ ಅಳು. ಅದೂ ಪ್ರಾರ್ಥನೆನಾ?

ಹನ್ನಳ ಕಥೆ ಓದಿ (1 ಸಮುವೇಲ 1). ಮಕ್ಕಳಿಲ್ಲದ ಕೊರಗು, ಸವತಿಯ ಚುಚ್ಚುಮಾತು. ಶೀಲೋವಿನ ದೇವಾಲಯದಲ್ಲಿ ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಯಾಜಕ ಏಲಿ ಬಾಗಿಲ ಹತ್ತಿರ ಕೂತು ಅವಳ ಬಾಯನ್ನೇ ನೋಡುತ್ತಿದ್ದ. ಕುಡಿದು ಬಂದಿದ್ದಾಳೆ ಅಂದುಕೊಂಡ, ಗದರಿಸಿಯೂ ಬಿಟ್ಟ. ದೇವಾಲಯದಲ್ಲೇ ಬದುಕು ಸವೆಸಿದ ಮುದುಕನಿಗೆ ಪ್ರಾರ್ಥನೆಗೂ ಅಮಲಿಗೂ ವ್ಯತ್ಯಾಸ ಕಾಣಲಿಲ್ಲ. ದೇವರಿಗೆ ಕೇಳಿಸಿತು. ರೋಮಾಪುರದವರಿಗೆ 8:26-27ರಲ್ಲಿ ಪೌಲ, ಏನು ಬೇಡಬೇಕೆಂದು ನಮಗೆ ತಿಳಿಯದಿದ್ದಾಗ ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ, ಹೃದಯ ಶೋಧಿಸುವವನಿಗೆ ಅದು ಅರ್ಥವಾಗುತ್ತದೆ ಎನ್ನುತ್ತಾನೆ. ಆದ್ದರಿಂದ ನಿಮ್ಮ ಅಳುವನ್ನು ಪ್ರಾರ್ಥನೆಯ ಪಟ್ಟಿಯಿಂದ ನೀವೇ ತೆಗೆದುಹಾಕಬೇಡಿ.

ಪಾಪ ಮಾಡಿದ್ದು ಗೊತ್ತಿದ್ರೂ ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾ?

ಬೇಕು. ಬಚ್ಚಿಟ್ಟುಕೊಂಡಾಗ ಎಲುಬುಗಳೇ ಸವೆದುಹೋದವು ಎಂದು 32ನೇ ಕೀರ್ತನೆ ಹೇಳುತ್ತದೆ. ಬಚ್ಚಿಟ್ಟದ್ದರ ಭಾರ ಬಿದ್ದದ್ದು ಬಚ್ಚಿಟ್ಟವನ ಮೇಲೇ. ತೋಟದಲ್ಲಿ ಆದಾಮನನ್ನು ಎಲ್ಲಿದ್ದೀ ಎಂದು ಕೇಳಿದ್ದೂ ಜಾಗ ತಿಳಿಯಲು ಇರಲಾರದು, ಅಲ್ವಾ?

ಬೇಡ ಅಂದ್ರೂ ದೇವರನ್ನು ಬೈಯೋ ಯೋಚನೆ ಬರುತ್ತೆ. ಅದನ್ನೂ ನೋಡಿ ದೇವರು ನನ್ನ ಲೆಕ್ಕಕ್ಕೆ ಬರ್ಕೊಳ್ತಾನಾ?

ಈ ಪ್ರಶ್ನೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ, ಹೆಚ್ಚಾಗಿ ದೇವರನ್ನು ತುಂಬಾ ಗಂಭೀರವಾಗಿ ತಗೊಳ್ಳುವವರಿಂದಲೇ. ಹೃದಯ ಬಲ್ಲವನಿಗೆ ಬಂದ ಯೋಚನೆ ಯಾವುದು, ಬರಮಾಡಿಕೊಂಡ ಯೋಚನೆ ಯಾವುದು ಅನ್ನುವುದೂ ಗೊತ್ತು. ಯಾವ ಯೋಚನೆ ನಿಮ್ಮನ್ನು ಬೆಚ್ಚಿಬೀಳಿಸುತ್ತದೋ, ಯಾವುದನ್ನು ಓಡಿಸಲು ಒದ್ದಾಡುತ್ತೀರೋ, ಅದನ್ನು ನಿಮ್ಮ ಇಷ್ಟ ಎಂದು ದೇವರು ತಪ್ಪು ತಿಳಿಯುವುದಿಲ್ಲ. 17ನೇ ಶತಮಾನದ ಇಂಗ್ಲಿಷ್ ಬೋಧಕ ಜಾನ್ ಬನ್ಯನ್‌ಗೆ ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆ ಊಟದಲ್ಲೂ ಕೆಲಸದಲ್ಲೂ ಬೆನ್ನು ಬಿಡದೆ ಕಾಡಿತ್ತು. ಅದನ್ನು ಅವನೇ ಬರೆದಿಟ್ಟಿದ್ದಾನೆ.

ನಮ್ಮ ಹೃದಯ ನಮ್ಮನ್ನು ತಪ್ಪಿತಸ್ಥರು ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು (1 ಯೋಹಾನ 3:20). ಸಮಾಧಾನಕ್ಕೆ ಯೋಹಾನ ಹಿಡಿದದ್ದು ದೇವರಿಗೆ ಎಲ್ಲಾ ಗೊತ್ತು ಅನ್ನುವುದನ್ನೇ.

ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಯೋಚನೆ ದಿನವಿಡೀ ಸುತ್ತುತ್ತಿದ್ದರೆ, ಅದನ್ನು ಅಳಿಸಲು ಒಂದೇ ಪ್ರಾರ್ಥನೆಯನ್ನು ಲೆಕ್ಕವಿಟ್ಟು ಹೇಳುತ್ತಿದ್ದರೆ, ನಿದ್ದೆ ಊಟ ಕೆಡುತ್ತಿದ್ದರೆ ಮನೋವೈದ್ಯರನ್ನು ನೋಡಿ. ಒಸಿಡಿ ಎಂಬ ಕಾಯಿಲೆಯಲ್ಲಿ ಹೀಗಾಗುವುದುಂಟು. ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರ ಹತ್ತಿರ ಹೋಗುವುದು ನಂಬಿಕೆಯ ಕೊರತೆ ಅಲ್ಲ.

'ನನ್ನ ಮನಸ್ಸು ದೇವರಿಗೆ ಗೊತ್ತು' ಅಂತ ಹೇಳಿ ನಮ್ಮನೆಯವರು ಏನು ಬೇಕಾದ್ರೂ ಮಾಡ್ತಾರೆ. ಇದು ಸರಿನಾ?

ಆ ಮಾತನ್ನೇ ಯೇಸು ಎಚ್ಚರಿಕೆಯಾಗಿ ಹೇಳಿದ್ದಾನೆ. ಜನರ ಮುಂದೆ ನೀತಿವಂತರು ಅನ್ನಿಸಿಕೊಳ್ಳುವವರು ನೀವು, ಆದರೆ ದೇವರಿಗೆ ನಿಮ್ಮ ಹೃದಯ ಗೊತ್ತು (ಲೂಕ 16:15). ಮಾತು ಮುಗಿಸಲು ಬಳಸುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಸರಿಯಾಗಿ ಬಳಸಿದ ಉದಾಹರಣೆಯೂ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ಯೆಹೋಶುವ 22ನೇ ಅಧ್ಯಾಯ. ಇಸ್ರಾಯೇಲಿನ ರೂಬೇನ್, ಗಾದ್ ಕುಲದವರು, ಮನಸ್ಸೆಯ ಅರ್ಧ ಕುಲದವರು ಯೊರ್ದನ್ ನದಿಯ ಬಳಿ ದೊಡ್ಡದೊಂದು ಯಜ್ಞವೇದಿ ಕಟ್ಟುತ್ತಾರೆ. ದೇವರಿಗೆ ಒಂದೇ ಯಜ್ಞವೇದಿ ಇರಬೇಕಿತ್ತು, ಆದ್ದರಿಂದ ಉಳಿದವರಿಗೆ ಇದು ದ್ರೋಹವಾಗಿ ಕಾಣುತ್ತದೆ, ಯುದ್ಧಕ್ಕೇ ಸೇರುತ್ತಾರೆ. ಯಾಜಕ ಫೀನೆಹಾಸ ಹತ್ತು ಮಂದಿ ನಾಯಕರ ಜೊತೆ ವಿಚಾರಿಸಲು ಬಂದಾಗ ಕಟ್ಟಿದವರು, ದೇವಾಧಿದೇವನಾದ ಯೆಹೋವನೇ ಬಲ್ಲ ಎನ್ನುತ್ತಾರೆ. ಅಲ್ಲಿಗೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಇಸ್ರಾಯೇಲಿಗೂ ತಿಳಿಯಲಿ ಎಂದು ಕಾರಣ ಬಿಡಿಸಿ ಹೇಳುತ್ತಾರೆ. ನದಿಯ ಆಚೆ ಇದ್ದೇವೆ, ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ ಯೆಹೋವನಲ್ಲಿ ನಿಮಗೆ ಪಾಲಿಲ್ಲ ಅನ್ನಬಾರದು, ಅದಕ್ಕೆ ಸಾಕ್ಷಿಯಾಗಿ ಕಟ್ಟಿದೆವು. ತಪ್ಪಿದ್ದರೆ ಶಿಕ್ಷೆಗೂ ಸಿದ್ಧ ಅನ್ನುತ್ತಾರೆ. ಯುದ್ಧ ನಿಂತಿತು. ದೇವರೇ ಬಲ್ಲ ಅನ್ನುವವರು ಎದುರಿಗೆ ಕೂತವರಿಗೆ ವಿವರ ಕೊಡಲು ತಯಾರಿದ್ದಾರಾ, ಅದನ್ನು ನೋಡಿ.

ಇದೇ ಕಥೆ ಇನ್ನೊಂದು ಕಡೆಗೂ ಕುಟುಕುತ್ತದೆ. ವೇದಿ ಕಂಡದ್ದು ನಿಜ. ಉದ್ದೇಶವನ್ನು ಮಾತ್ರ ನೋಡಿದವರೇ ಊಹಿಸಿಕೊಂಡರು.

ನಿನ್ನ ಮನಸ್ಸಲ್ಲಿ ಇರೋದನ್ನು ದೇವರು ನನಗೆ ತೋರಿಸಿದ್ದಾನೆ ಅಂತ ಒಬ್ಬ ಬೋಧಕರು ಹೇಳಿದ್ರು. ನಂಬಬೇಕಾ?

ದೇವರು ತೋರಿಸಿದ ಉದಾಹರಣೆ ಬೈಬಲ್‌ನಲ್ಲಿ ಇದೆ. ಪ್ರವಾದಿ ಎಲೀಷ ವಾಸಿಮಾಡಿದ್ದ ಸೇನಾಪತಿ ನಾಮಾನನಿಂದ ಅವನ ಆಳು ಗೇಹಜಿ ಕದ್ದುಮುಚ್ಚಿ ಬೆಳ್ಳಿ, ಬಟ್ಟೆ ಪಡೆದದ್ದು ಎಲೀಷನಿಗೆ ತಿಳಿದಿತ್ತು (2 ಅರಸುಗಳು 5). ಆದರೆ ಅದರ ಹಿಂದಿನ ಅಧ್ಯಾಯವನ್ನೂ ಓದಿ. ಮಗನನ್ನು ಕಳೆದುಕೊಂಡ ಶೂನೇಮಿನ ಹೆಂಗಸು ಬಂದು ಎಲೀಷನ ಕಾಲು ಹಿಡಿಯುತ್ತಾಳೆ. ಗೇಹಜಿ ಅವಳನ್ನು ತಳ್ಳಲು ಹೋಗುತ್ತಾನೆ. ಎಲೀಷ, ಬಿಡು, ಇವಳ ಜೀವ ನೊಂದಿದೆ, ಏನೆಂದು ಯೆಹೋವನು ನನಗೆ ತಿಳಿಸಿಲ್ಲ ಎನ್ನುತ್ತಾನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಪ್ರವಾದಿ. ನಿಮ್ಮ ಬೋಧಕರು ಹೀಗೆ ಎಂದಾದರೂ ಹೇಳಿದ್ದಾರಾ? ಪ್ರತಿ ಸಲವೂ ಎಲ್ಲರ ಮನಸ್ಸೂ ಗೊತ್ತು ಅನ್ನುವವರಿಂದ, ಅದರಲ್ಲೂ ಆ ಮಾತಿನ ಹಿಂದೆಯೇ ಹಣವನ್ನೋ ವಿಧೇಯತೆಯನ್ನೋ ಕೇಳುವವರಿಂದ ದೂರ ಇರುವುದು ಒಳ್ಳೆಯದು.

ಸೈತಾನನಿಗೆ ನನ್ನ ಯೋಚನೆ ಗೊತ್ತಾಗುತ್ತಾ?

ಬಲ್ಲವನು ನೀನೊಬ್ಬನೇ ಅಂದ ಸೊಲೊಮೋನನ ಮಾತು ಇದಕ್ಕೂ ಉತ್ತರ. ಯೋಬ ಲಾಭಕ್ಕಾಗಿ ದೇವರಿಗೆ ಹೆದರುತ್ತಾನೆ, ಎಲ್ಲಾ ಕಿತ್ತುಕೊಂಡರೆ ಮುಖದ ಮೇಲೇ ದೂಷಿಸುತ್ತಾನೆ ಎಂದು ಸೈತಾನ ಪಂಥ ಕಟ್ಟಿದ. ಅವನ ಲೆಕ್ಕ ತಪ್ಪಿತು.

## ಇನ್ನೂ ಆಳಕ್ಕೆ ಹೋದರೆ

ಯೇಸುವಿಗೂ ಜನರ ಮನಸ್ಸು ಗೊತ್ತಿತ್ತಾ?

ಸುವಾರ್ತೆಗಳು ಹಾಗೇ ಹೇಳುತ್ತವೆ. ಮನುಷ್ಯನೊಳಗೆ ಏನಿದೆ ಅಂತ ಆತನಿಗೆ ಯಾರೂ ಹೇಳಬೇಕಾಗಿರಲಿಲ್ಲ (ಯೋಹಾನ 2:25). ಯೂದನ ವಿಷಯ ಮೊದಲಿನಿಂದಲೇ ಗೊತ್ತಿತ್ತು. ಜೊತೆಗಿದ್ದ ಶಿಷ್ಯರಿಗಾದರೋ, ಆ ರಾತ್ರಿ ಯೂದ ಎದ್ದು ಹೋದಾಗಲೂ ಹಬ್ಬಕ್ಕೆ ಸಾಮಾನು ತರಲು ಹೋದನೇನೋ ಅನ್ನಿಸಿತು. ಯೆರೆಮೀಯ 17:10ರಲ್ಲಿ ಹೃದಯವನ್ನು ಶೋಧಿಸುವವನು ನಾನೇ ಅಂದದ್ದು ಯೆಹೋವ. ಪ್ರಕಟನೆ 2:23ರಲ್ಲಿ ಅದೇ ಮಾತನ್ನು ದೇವಕುಮಾರ ತನ್ನ ಬಗ್ಗೆ ಹೇಳುತ್ತಾನೆ. ಹಾಗಿದ್ದೂ ಕೊನೆಯ ದಿನದ ಗಳಿಗೆ ಮಗನಿಗೂ ತಿಳಿಯದು ಎಂದು ಮಾರ್ಕ 13:32 ಹೇಳುತ್ತದೆ. ಈ ಎರಡನ್ನೂ ಜೊತೆಗೆ ಹಿಡಿಯುವುದು ಹೇಗೆ ಅನ್ನುವುದರ ಮೇಲೆ ಸಭೆಯ ಮೊದಲ ಶತಮಾನಗಳಲ್ಲಿ ದೊಡ್ಡ ಚರ್ಚೆಗಳೇ ನಡೆದವು.

ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಶಿಷ್ಯ ಪೇತ್ರ. ನಿನ್ನ ಜೊತೆ ಸೆರೆಗೂ ಸಾವಿಗೂ ಸಿದ್ಧ ಅಂದಿದ್ದ. ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ಅವನಿಗೆ ಹಾಗೇ ಅನ್ನಿಸಿತ್ತು. ಯೇಸು ಸೆರೆಯಾದ ರಾತ್ರಿ ಕೋಳಿ ಕೂಗುವ ಮೊದಲು, ಆತನನ್ನು ಅರಿಯೆ ಎಂದು ಮೂರು ಸಲ ಅಲ್ಲಗಳೆದ. ಅವನ ಹೃದಯ ಅವನಿಗಿಂತ ಯೇಸುವಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಕೆರೆಯ ದಡದಲ್ಲಿ, ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಮೂರನೇ ಸಲ ಕೇಳಿದಾಗ ಪೇತ್ರ ಆಣೆ ಇಡಲಿಲ್ಲ. ಕರ್ತನೇ, ನಿನಗೆ ಎಲ್ಲಾ ಗೊತ್ತು, ನಾನು ನಿನ್ನನ್ನು ಪ್ರೀತಿಸುತ್ತೇನೆ ಅನ್ನುವುದೂ ನಿನಗೇ ಗೊತ್ತು ಎಂದ (ಯೋಹಾನ 21:17). ತನ್ನ ಮನಸ್ಸಿನ ಬಗ್ಗೆ ತಾನು ಕೊಡುವ ಸಾಕ್ಷಿ ನಡೆಯುವುದಿಲ್ಲ ಅಂತ ಗೊತ್ತಾದವನು ಆಡುವ ಮಾತು ಅದು. ಸೋತದ್ದನ್ನು ಕಂಡ ಕಣ್ಣಿಗೇ ಪ್ರೀತಿಯೂ ಕಂಡಿರಬೇಕು ಎಂದು ನಂಬಿದ.

ಇಸಾಕನ ಬಲಿಯ ಹೊತ್ತಲ್ಲಿ 'ಈಗ ನನಗೆ ಗೊತ್ತಾಯಿತು' ಅಂತಿದೆಯಲ್ಲ? ಮೊದಲು ಗೊತ್ತಿರಲಿಲ್ವಾ?

ಆದಿಕಾಂಡ 22:12. ಮಗ ಇಸಾಕನನ್ನು ಬಲಿ ಕೊಡಲು ಹೊರಟ ಅಬ್ರಹಾಮನನ್ನು ತಡೆದಾಗ ಬಂದ ಮಾತು ಅದು. ಒಳ್ಳೆಯ ಪ್ರಶ್ನೆ, ಜಾರಿಸಿಬಿಡುವಂಥದ್ದಲ್ಲ. ಇಸ್ರಾಯೇಲರು ಅಡವಿಯಲ್ಲಿ ಅಲೆದ ನಲವತ್ತು ವರ್ಷವೂ ನಿಮ್ಮ ಹೃದಯದಲ್ಲಿ ಏನಿದೆ ಎಂದು ತಿಳಿಯಲಿಕ್ಕೆ ಎಂದು ಧರ್ಮೋಪದೇಶಕಾಂಡ 8:2 ಹೇಳುತ್ತದೆ. ಅರಸ ಹಿಜ್ಕೀಯನ ಬಗ್ಗೆಯೂ ಇಂಥದೇ ಮಾತಿದೆ (2 ಪೂರ್ವಕಾಲವೃತ್ತಾಂತ 32:31). ಹಳೆಯ ಕಾಲದಿಂದ ಹೆಚ್ಚಿನ ವ್ಯಾಖ್ಯಾನಕಾರರು ಹೇಳುತ್ತಾ ಬಂದದ್ದು ಹೀಗೆ: ಮನಸ್ಸಿನಲ್ಲಿದ್ದದ್ದು ಕೃತಿಯಾಗಿ ಹೊರಬಂತು, ದೇವರು ಅದನ್ನು ಮನುಷ್ಯರ ಮಾತಿನ ರೀತಿಯಲ್ಲಿ ಹೇಳಿದ. 1990ರ ದಶಕದಲ್ಲಿ ಉತ್ತರ ಅಮೆರಿಕದ ಕೆಲವು ದೇವಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ಈಗಿನ ಹೃದಯ ದೇವರಿಗೆ ಪೂರ್ತಿ ಗೊತ್ತು, ಸ್ವತಂತ್ರವಾಗಿ ಮುಂದೆ ಮಾಡಲಿರುವ ಆಯ್ಕೆ ಇನ್ನೂ ತೆರೆದೇ ಇದೆ ಅನ್ನುವುದು ಅವರ ವಾದ. 139ನೇ ಕೀರ್ತನೆಯ 4 ಮತ್ತು 16ನೇ ವಚನಗಳ (ಮಾತು ಬರುವ ಮೊದಲೇ ನಿನಗೆ ಗೊತ್ತು, ನನ್ನ ದಿನಗಳೆಲ್ಲಾ ಮೊದಲೇ ಬರೆದಿವೆ) ಮುಂದೆ ಆ ವಾದ ನಿಲ್ಲುವುದು ಕಷ್ಟ ಎಂದು ನನ್ನ ಅಭಿಪ್ರಾಯ. ಆದರೆ 'ಈಗ' ಅನ್ನುವುದನ್ನು ಅವರು ಹಗುರವಾಗಿ ತಳ್ಳಿಬಿಡುವುದಿಲ್ಲ, ಅದಕ್ಕೆ ಮೆಚ್ಚುಗೆ ಇದೆ.

ನಾಳೆ ನಾನೇನು ಮಾಡ್ತೀನಿ ಅಂತ ದೇವರಿಗೆ ಗೊತ್ತಿದ್ರೆ ನನ್ನ ಸ್ವಾತಂತ್ರ್ಯ ಎಲ್ಲಿ ಉಳಿಯಿತು?

ಹಳೆಯ ಸಭೆಯ ಬಿಷಪ್ ಅಗಸ್ಟೀನ್ (354-430) ಕೊಟ್ಟ ಉತ್ತರ ಸರಳ. ನೀವು ನೆನಪಿಟ್ಟುಕೊಂಡಿದ್ದರಿಂದ ನಿನ್ನೆ ನಡೆದದ್ದು ಬಲವಂತದಿಂದ ನಡೆದ ಹಾಗೆ ಆಗುವುದಿಲ್ಲ. ದೇವರು ಮುಂಚೆ ತಿಳಿದದ್ದರಿಂದ ನಾಳೆಯದೂ ಬಲವಂತ ಆಗುವುದಿಲ್ಲ. ಸುಮಾರು 524ರಲ್ಲಿ ಮರಣದಂಡನೆಗೆ ಗುರಿಯಾದ ರೋಮಿನ ತತ್ವಜ್ಞಾನಿ ಬೋಯೆಥಿಯಸ್ ಸೆರೆಯಲ್ಲಿ ಕೂತು ಇನ್ನೊಂದು ದಾರಿ ಹಿಡಿದ. ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲಾ ಕಾಲವೂ ಒಂದೇ ನೋಟಕ್ಕೆ ಕಾಣುತ್ತದೆ ಅಂದ. ಸ್ಪೇನಿನ ದೇವಶಾಸ್ತ್ರಜ್ಞ ಲೂಯಿಸ್ ದೆ ಮೊಲಿನಾ (1535-1600) ಪ್ರಕಾರ, ಯಾವ ಸನ್ನಿವೇಶದಲ್ಲಿ ಯಾರು ಏನು ಮಾಡುತ್ತಿದ್ದರು ಅನ್ನುವುದೂ ದೇವರಿಗೆ ಗೊತ್ತು. ಇದಕ್ಕೆ 1 ಸಮುವೇಲ 23ನ್ನು ತೋರಿಸುತ್ತಾರೆ. ನನ್ನನ್ನು ಕೊಲ್ಲಲು ಹುಡುಕುತ್ತಿರುವ ಸೌಲ ನಾನಿರುವ ಕೆಯೀಲಾ ಊರಿಗೆ ಬರುತ್ತಾನಾ, ಊರಿನವರು ನನ್ನನ್ನು ಒಪ್ಪಿಸಿಬಿಡುತ್ತಾರಾ ಎಂದು ದಾವೀದ ಕೇಳುತ್ತಾನೆ. ಎರಡಕ್ಕೂ ಹೌದು ಅನ್ನುತ್ತಾನೆ ದೇವರು. ದಾವೀದ ಊರು ಬಿಟ್ಟ. ಸೌಲ ಬರಲೇ ಇಲ್ಲ. ನಡೆಯದೇ ಹೋದದ್ದೂ ದೇವರಿಗೆ ಗೊತ್ತಿತ್ತು. 16ನೇ ಶತಮಾನದ ಸುಧಾರಕ ಕ್ಯಾಲ್ವಿನ್‌ನ ದಾರಿಯವರು ಇದನ್ನೂ ಒಪ್ಪದೆ, ದೇವರ ಸಂಕಲ್ಪವೇ ಆತನ ತಿಳಿವಿಗೆ ಮೂಲ ಎನ್ನುತ್ತಾರೆ. ಈ ಜಗಳ ಇನ್ನೂ ಮುಗಿದಿಲ್ಲ.

139ನೇ ಕೀರ್ತನೆ ಎಷ್ಟು ಚೆನ್ನಾಗಿದೆ, ಕೊನೆಯಲ್ಲಿ ಯಾಕೆ ಅಷ್ಟು ದ್ವೇಷ?

19ರಿಂದ 22ನೇ ವಚನಗಳನ್ನು ಆರಾಧನೆಯಲ್ಲಿ ಓದುವಾಗ ಬಿಟ್ಟುಬಿಡುವುದುಂಟು. ಬಿಟ್ಟರೆ ಕೀರ್ತನೆಯ ಬೆನ್ನುಮೂಳೆ ಹೋಗುತ್ತದೆ. ನಿನ್ನ ಹಗೆಗಳನ್ನು ಪೂರ್ಣವಾಗಿ ದ್ವೇಷಿಸುತ್ತೇನೆ ಎಂದವನು ಅದೇ ಉಸಿರಿನಲ್ಲಿ, ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯ ತಿಳಿದುಕೋ, ಕೇಡಿನ ದಾರಿ ನನ್ನಲ್ಲಿದೆಯೋ ನೋಡು ಎನ್ನುತ್ತಾನೆ. ಮೊದಲ ವಚನದಲ್ಲಿ ನೀನು ಪರೀಕ್ಷಿಸಿದ್ದೀ ಎಂದು ಹೇಳಿಯಾಗಿತ್ತು. ಈಗ ತಾನಾಗಿ ಕೇಳಿಕೊಳ್ಳುತ್ತಾನೆ. ತನ್ನ ಸಿಟ್ಟು ಧರ್ಮದ ಸಿಟ್ಟೋ ಬರೀ ಸಿಟ್ಟೋ ಅವನಿಗೆ ಖಾತ್ರಿ ಇಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಕೊನೆಯ ದಿನ ನನ್ನ ಮನಸ್ಸಲ್ಲಿ ಇದ್ದದ್ದೆಲ್ಲಾ ಎಲ್ಲರ ಮುಂದೆ ಬಯಲಾಗುತ್ತಾ?

ಗುಟ್ಟುಗಳು ಹೊರಬೀಳುತ್ತವೆ ಎಂದು ಬೈಬಲ್ ಹೇಳುತ್ತದೆ (ಲೂಕ 12:2). ಕ್ಷಮೆ ಸಿಕ್ಕ ಪಾಪಗಳೂ ಅದರಲ್ಲಿ ಸೇರುತ್ತವೆಯೇ ಅನ್ನುವುದರಲ್ಲಿ ಕ್ರೈಸ್ತರಿಗೆ ಒಮ್ಮತ ಇಲ್ಲ. ಅವರ ಪಾಪಗಳನ್ನು ಇನ್ನು ನೆನಪಿಗೆ ತಾರೆನು ಎಂಬ ಯೆರೆಮೀಯ 31:34ನ್ನು ಹಿಡಿದು ಇಲ್ಲ ಅನ್ನುವವರ ಕಡೆಗೆ ನಾನು ವಾಲುತ್ತೇನೆ.

ಬಯಲಾಗುವುದು ಅಂದ ಕೂಡಲೇ ಕೆಟ್ಟದ್ದೇ ನೆನಪಾಗುವುದು ನಮ್ಮ ಅಭ್ಯಾಸ. ಪೌಲನ ಮಾತು ಬೇರೆ ಕಡೆ ಹೋಗುತ್ತದೆ. ನನ್ನ ಬಗ್ಗೆ ನಾನೂ ತೀರ್ಪು ಕೊಡುವುದಿಲ್ಲ, ಕರ್ತನು ಬಂದು ಹೃದಯದ ಉದ್ದೇಶಗಳನ್ನು ಬೆಳಕಿಗೆ ತರುವ ತನಕ ಕಾಯಿರಿ ಎಂದು ಹೇಳಿ, ಆಗ ಒಬ್ಬೊಬ್ಬನಿಗೆ ದೇವರಿಂದ ಬರತಕ್ಕ ಹೊಗಳಿಕೆ ಬರುವುದು ಎಂದು ಮುಗಿಸುತ್ತಾನೆ (1 ಕೊರಿಂಥದವರಿಗೆ 4:3-5). ಮತ್ತಾಯ 25ರಲ್ಲಿ, ನನಗೆ ಊಟ ಕೊಟ್ಟಿರಿ, ಬಟ್ಟೆ ಕೊಟ್ಟಿರಿ ಎಂದು ಅರಸ ಹೇಳಿದಾಗ ಅವನ ಬಲಗಡೆ ನಿಂತವರು, ನಿನಗೆ ನಾವು ಯಾವಾಗ ಊಟ ಕೊಟ್ಟೆವು, ಯಾವಾಗ ಬಟ್ಟೆ ಕೊಟ್ಟೆವು ಎಂದು ಕೇಳುತ್ತಾರೆ. ಅವರಿಗೆ ನೆನಪೇ ಇರಲಿಲ್ಲ.